ರಾಗಿ ತಾಕುಗಳ ಲೆಕ್ಕ: ಆರ್‌ಗೆ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಕೋಲಾರ, ಚಿಂತಾಮಣಿ ಕಡೆಯ ರಾಗಿ ಪ್ರಯೋಗಗಳ ಇಳುವರಿಯನ್ನು ಆರ್ ತಂತ್ರಾಂಶದಲ್ಲಿ ವಿಶ್ಲೇಷಿಸುವವರು ಗಮನಿಸಿ.

ಎಕ್ಸೆಲ್‌ನಲ್ಲಿ ಒಂದು ತಾಕಿಗೆ ಒಂದೇ ಸಾಲು: ಪುನರಾವರ್ತನೆ (ಎಲ್ಲ ಉಪಚಾರಗಳೂ ಒಮ್ಮೆ ಬರುವ ತಾಕುಗಳ ಗುಂಪು), ಉಪಚಾರ (ಹೋಲಿಸುತ್ತಿರುವ ತಳಿ, ಗೊಬ್ಬರ ಇತ್ಯಾದಿ), ಇಳುವರಿ. ಸೆಲ್ ಕೂಡಿಸಿ, ಬಣ್ಣ ಬಳಿದ ಹಾಳೆ ಇಲ್ಲಿ ಕೆಲಸಕ್ಕೆ ಬಾರದು. ಸಿಎಸ್‌ವಿ (ಬಣ್ಣ, ವಿನ್ಯಾಸವಿಲ್ಲದ ಸರಳ ಪಠ್ಯ ಕಡತ) ಆಗಿ ಉಳಿಸಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಉಪಚಾರಗಳಿಗೆ 1, 2, 3 ಎಂದು ಬರೆದರೆ ಆರ್ ಅದನ್ನು ಅಳತೆ ಅಂದುಕೊಳ್ಳುತ್ತದೆ. ದೋಷವನ್ನೂ ತೋರಿಸದೆ ತಪ್ಪು ಉತ್ತರ ಕೊಡುತ್ತದೆ. ಪುನರಾವರ್ತನೆ, ಉಪಚಾರ ಎರಡೂ ಕಾಲಂಗಳನ್ನು ಫ್ಯಾಕ್ಟರ್ (ಅಳತೆಯಲ್ಲ, ಬರೀ ಗುಂಪಿನ ಹೆಸರು) ಮಾಡಿ. 8 ಉಪಚಾರ, 3 ಪುನರಾವರ್ತನೆಯ ಆರ್‌ಸಿಬಿಡಿ (ಪ್ರತಿ ಗುಂಪಿನೊಳಗೆ ಉಪಚಾರಗಳನ್ನು ಯಾದೃಚ್ಛಿಕವಾಗಿ ಹಂಚುವ ವಿನ್ಯಾಸ) ಆಗಿದ್ದು, ಯಾವ ತಾಕಿನ ಇಳುವರಿಯೂ ಖಾಲಿ ಇಲ್ಲದಿದ್ದರೆ, ಅನೋವಾ (ವ್ಯತ್ಯಾಸಗಳನ್ನು ವಿಭಜಿಸಿ ನೋಡುವ ವಿಶ್ಲೇಷಣೆ) ಕೋಷ್ಟಕದಲ್ಲಿ ಎರರ್ ಡಿಎಫ್ (ದೋಷದ ಸ್ವಾತಂತ್ರ್ಯ ಸಂಖ್ಯೆ) 14 ಇರಲೇಬೇಕು. 15 ಬಂದರೆ ಪುನರಾವರ್ತನೆ ಫ್ಯಾಕ್ಟರ್ ಆಗಿಲ್ಲ, 20 ಬಂದರೆ ಉಪಚಾರ ಆಗಿಲ್ಲ, 21 ಆದರೆ ಎರಡೂ ಇಲ್ಲ. ಎಫ್ ಬೆಲೆ (ಉಪಚಾರಗಳ ನಡುವೆ ನಿಜವಾದ ವ್ಯತ್ಯಾಸವಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ನೋಡುವ ಮೊದಲು ಇದನ್ನೇ ನೋಡಿ.

ಹಂದಿ ನುಗ್ಗಿ ಹಾಳಾದ ತಾಕಿಗೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಉಪಚಾರದಿಂದಲೇ ಬೆಳೆ ಸತ್ತಿದ್ದರೆ ಮಾತ್ರ ಅದು ನಿಜವಾದ ಸೊನ್ನೆ.

ಹೆಕ್ಟೇರಿಗೆ ಪರಿವರ್ತಿಸುವಾಗ ನಿವ್ವಳ ತಾಕಿನ ವಿಸ್ತೀರ್ಣ ಬಳಸಿ, ಅಂಚಿನ ಸಾಲು ಸೇರಿಸಬೇಡಿ. 3 × 2.4 ಮೀಟರ್ ತಾಕಿನಲ್ಲಿ 1.8 ಕೆಜಿ ಬಂದರೆ ಹೆಕ್ಟೇರಿಗೆ 25 ಕ್ವಿಂಟಲ್.

ಎಫ್ ಮಹತ್ವದ್ದಲ್ಲದಿದ್ದರೆ ಸಿಡಿ (ಎರಡು ಉಪಚಾರಗಳು ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ) ಕೊಡಬೇಡಿ, ಎನ್‌ಎಸ್ (ಮಹತ್ವದ್ದಲ್ಲ) ಎಂದು ಬರೆಯಿರಿ.