ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ: ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಚೆಸ್ ಟೂರ್ನಿ ನಮ್ಮಲ್ಲೂ ನಡೆಸಿ

ಮಾನ್ಯ ಕ್ರೀಡಾ ಸಚಿವರೇ,

ನಮಸ್ಕಾರ. ನಾನು ಹಾಸನದವಳು. ಮಗಳು ಚೆಸ್ ಆಡುತ್ತಾಳೆ. ಅವಳ ಜೊತೆ ಊರೂರು ಟೂರ್ನಿಗೆ ತಿರುಗುವ ಅಮ್ಮಂದಿರಲ್ಲಿ ನಾನೂ ಒಬ್ಬಳು. ನಿಮ್ಮ ಮುಂದೆ ಒಂದೇ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಪ್ರತಿ ವರ್ಷ ಹೆಣ್ಣುಮಕ್ಕಳಿಗೆ ಅಂತಲೇ ಒಂದು ಅಂತರರಾಷ್ಟ್ರೀಯ ಚೆಸ್ ಟೂರ್ನಿ ನಡೆಸಿಕೊಡಿ. ದೊಡ್ಡದು ಬೇಡ. ಹತ್ತು ಜನ ಆಡುವ ಟೂರ್ನಿ ಸಾಕು. ಯಾಕೆ ಅಂತ ಹೇಳುತ್ತೇನೆ.

2025ರ ಜುಲೈ 28 ನಿಮಗೂ ನೆನಪಿರಬಹುದು. ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಫೈನಲ್‌ನ ಟೈಬ್ರೇಕ್, ಅಂದರೆ ಸಮಬಲವಾದ ಮೇಲೆ ಗೆದ್ದವರನ್ನು ತೀರ್ಮಾನಿಸುವ ಚುಟುಕು ಆಟಗಳು, ಅವತ್ತು. ಬೋರ್ಡಿನ ಎರಡೂ ಕಡೆ ನಮ್ಮವರೇ. ಒಂದು ಕಡೆ ಆಂಧ್ರದ ಕೊನೇರು ಹಂಪಿ, ವಯಸ್ಸು 38. ಇನ್ನೊಂದು ಕಡೆ ನಾಗಪುರದ ದಿವ್ಯಾ ದೇಶಮುಖ್, ವಯಸ್ಸು 19. ಚೆಸ್‌ನ ಅತಿ ದೊಡ್ಡ ಪದವಿಯಾದ ಗ್ರ್ಯಾಂಡ್‌ಮಾಸ್ಟರ್ ಹಂಪಿಗೆ ಸಿಕ್ಕಿದ್ದು 2002ರಲ್ಲಿ. ಆಗ ದಿವ್ಯಾ ಹುಟ್ಟಿಯೇ ಇರಲಿಲ್ಲ. ಎರಡನೇ ರ‍್ಯಾಪಿಡ್ ಆಟದಲ್ಲಿ ಕಪ್ಪು ಕಾಯಿ ಹಿಡಿದ ದಿವ್ಯಾ ಗೆದ್ದರು. ಗೆದ್ದ ಮೇಲೆ ಅಮ್ಮನನ್ನು ತಬ್ಬಿಕೊಂಡು ಅತ್ತರು. ನಾನೂ ನನ್ನ ಮಗಳೂ ಅಡುಗೆಮನೆಯಲ್ಲಿ ಮೊಬೈಲ್ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತಿದ್ದೆವು.

ಆ ಗೆಲುವಿನಿಂದ ದಿವ್ಯಾ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಆದರು. ಅಲ್ಲಿಯವರೆಗೆ ಅವರ ಕೈಯಲ್ಲಿ ಆ ಪದವಿಗಾಗಿ ಟೂರ್ನಿಗಳಲ್ಲಿ ಸಂಪಾದಿಸಬೇಕಾದ ಅರ್ಹತೆ, ಅಂದರೆ ನಾರ್ಮ್, ಒಂದೂ ಇರಲಿಲ್ಲ. ಅವರು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್. ಆ 88 ಜನರಲ್ಲಿ ಹೆಣ್ಣುಮಕ್ಕಳು ನಾಲ್ಕೇ ನಾಲ್ಕು: ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ.

ವಿಶ್ವಕಪ್ ಗೆದ್ದು ಪದವಿ ಪಡೆಯುವುದು ಎಲ್ಲೋ ಒಬ್ಬರಿಗೆ ಆಗುವ ಮಾತು. ಉಳಿದವರೆಲ್ಲ ನಾರ್ಮ್ ಸಂಪಾದಿಸಿಯೇ ಮೇಲೆ ಬರಬೇಕು. ಗ್ರ್ಯಾಂಡ್‌ಮಾಸ್ಟರ್‌ಗಿಂತ ಕೆಳಗೆ ಹೆಣ್ಣುಮಕ್ಕಳಿಗೆ ಅಂತಲೇ ಇರುವ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಸಾಮಾನ್ಯವಾಗಿ ಮೂರು ನಾರ್ಮ್ ಬೇಕು, ಜೊತೆಗೆ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕ, 2300 ಮುಟ್ಟಿರಬೇಕು. ಒಂದು ನಾರ್ಮ್ ಅಂದರೆ ಒಂದು ಟೂರ್ನಿಯ 9 ಸುತ್ತುಗಳಲ್ಲಿ 2400ರ ಮಟ್ಟದ ಆಟ ತೋರಿಸುವುದು. ಅಷ್ಟೇ ಆದರೆ ಸಾಲದು. ಎದುರಾಳಿಗಳಲ್ಲಿ ಪದವಿ ಇರುವವರು ಇಷ್ಟು ಜನ ಇರಬೇಕು, ಬೇರೆ ದೇಶದವರು ಇಷ್ಟು ಜನ ಇರಬೇಕು ಅಂತ ಲೆಕ್ಕ ಇದೆ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಂಥ ಕೆಲವನ್ನು ಬಿಟ್ಟರೆ, ನಮ್ಮ ಮಕ್ಕಳು ನಮ್ಮ ಮಕ್ಕಳ ಜೊತೆ ಎಷ್ಟೇ ಚೆನ್ನಾಗಿ ಆಡಿದರೂ ನಾರ್ಮ್ ಸಿಗುವುದಿಲ್ಲ. ಅದಕ್ಕೇ ಸರ್ಬಿಯಾ, ಹಂಗೇರಿ, ಸ್ಪೇನ್ ಅಂತ ಓಡುವುದು. ವೈಶಾಲಿ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ರೇಟಿಂಗ್ ಮುಟ್ಟಿದ್ದೂ 2023ರಲ್ಲಿ ಸ್ಪೇನಿನ ಟೂರ್ನಿಯೊಂದರಲ್ಲೇ.

ಈ ಓಡಾಟ ಹುಡುಗಿಯರಿಗೆ ಜಾಸ್ತಿ ಭಾರ, ಸಚಿವರೇ. ಹದಿನಾರು ವರ್ಷದ ಹುಡುಗ ಗೆಳೆಯರ ಜೊತೆ ರಾತ್ರಿ ಬಸ್ ಹತ್ತುತ್ತಾನೆ. ಒಂದೇ ರೂಮಿನಲ್ಲಿ ನಾಲ್ವರು ಮಲಗಿ, ಆಡಿ ಬರುತ್ತಾರೆ. ಅದೇ ವಯಸ್ಸಿನ ಹುಡುಗಿ ಹೊರಟರೆ ಅಪ್ಪನೋ ಅಮ್ಮನೋ ರಜೆ ಹಾಕಿ ಜೊತೆಗೆ ಹೋಗಲೇಬೇಕು. ಟಿಕೆಟ್ ಎರಡು, ಊಟ ಎರಡು. ವಿದೇಶ ಅಂದರೆ ವೀಸಾನೂ ಎರಡು. ಹದಿಮೂರರೊಳಗಿನ ವಿಭಾಗದಲ್ಲಿ ನನ್ನ ಮಗಳ ಜೊತೆ ಆಡುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಆಟ ಬಿಟ್ಟರು. ಅವರಲ್ಲಿ ನನ್ನ ಮಗಳಿಗಿಂತ ಚೆನ್ನಾಗಿ ಆಡುವವರಿದ್ದರು. ಆಟ ಬೇಸರವಾಗಿ ಬಿಟ್ಟವರಲ್ಲ ಅವರು. ಮನೆಯಲ್ಲಿ ಖರ್ಚಿನ ಲೆಕ್ಕ ಹಾಕಿದಾಗ ಮೊದಲು ನಿಂತದ್ದು ಚೆಸ್.

ಟೂರ್ನಿ ನಡೆಯುವ ಜಾಗದ ಚಿತ್ರ ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಆಟದ ಹಾಲ್ ಒಳಗೆ ಪೋಷಕರು ಇರುವ ಹಾಗಿಲ್ಲ. ಮಕ್ಕಳು ಫೋನ್ ನಮ್ಮ ಕೈಗೆ ಕೊಟ್ಟು, ನೀರಿನ ಬಾಟಲಿ, ಪೆನ್ನು ಹಿಡಿದು ಒಳಗೆ ಹೋಗುತ್ತಾರೆ. ನಾವು ಮೂರು ನಾಲ್ಕು ಗಂಟೆ ಮೆಟ್ಟಿಲ ಮೇಲೆ, ಪಾರ್ಕಿಂಗ್ ಜಾಗದಲ್ಲಿ ಕೂತಿರುತ್ತೇವೆ. ಬಾಗಿಲು ಸ್ವಲ್ಪ ಅಲ್ಲಾಡಿದರೂ ಅಷ್ಟೂ ಅಮ್ಮಂದಿರ ಕತ್ತು ಆ ಕಡೆ ತಿರುಗುತ್ತದೆ. ಒಂದು ಟೂರ್ನಿಯಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಿ ತರುವವರೆಗೂ ಒಳಗೆ ನನ್ನ ಮಗಳ ಗಡಿಯಾರ ಓಡುತ್ತಲೇ ಇತ್ತು. ಆವತ್ತು ಅವಳು ಸಮಯ ಸಾಲದೆ ಸೋತಳು. ಆಮೇಲಿನ ಸುತ್ತುಗಳಿಗೆ ನೀರು ಕುಡಿಯದೆ ಹೋಗಿ ಕೂರುತ್ತಿದ್ದಳು.

ಹುಡುಗರ ಜೊತೆಯೇ ಆಡಬಹುದಲ್ಲ, ಹುಡುಗಿಯರಿಗೆ ಬೇರೆ ಟೂರ್ನಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಆಡಬೇಕು, ಆಡುತ್ತಲೂ ಇದ್ದಾರೆ. ಆ ಹಕ್ಕು ಸುಮ್ನೆ ಬಂದದ್ದಲ್ಲ. 1976ರಲ್ಲಿ ಮುಂಬೈಯ ರೋಹಿಣಿ ಖಾಡಿಲ್ಕರ್ ಎಂಬ 13 ವರ್ಷದ ಹುಡುಗಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದಾಗ ದೊಡ್ಡ ಗಲಾಟೆಯಾಗಿ, ವಿಷಯ ಹೈಕೋರ್ಟಿಗೂ ಹೋಗಿತ್ತು. ಹೆಣ್ಣು ಅಂತ ಯಾರನ್ನೂ ಹೊರಗಿಡುವಂತಿಲ್ಲ ಎಂದು ಆಗಿನ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ಹೇಳಬೇಕಾಯಿತು. ಆ ಬಾಗಿಲು ತೆರೆದೇ ಇರಲಿ. ಆದರೆ ಗಂಡು ಹೆಣ್ಣು ಯಾರು ಬೇಕಾದರೂ ಆಡಬಹುದಾದ, ನೂರಾರು ಜನರ ಓಪನ್ ಟೂರ್ನಿಯಲ್ಲಿ ನಾರ್ಮ್‌ಗೆ ಬೇಕಾದ ಎದುರಾಳಿಗಳು ಸಿಗುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹತ್ತು ಜನ, ಎಲ್ಲರೂ ಎಲ್ಲರ ಜೊತೆ ಆಡುವ ಟೂರ್ನಿಯಲ್ಲಿ ಹಾಗಲ್ಲ. ಯಾರ ಜೊತೆ ಯಾವತ್ತು ಆಟ, ನಾರ್ಮ್‌ಗೆ ಎಷ್ಟು ಪಾಯಿಂಟ್ ಬೇಕು, ಮೊದಲನೇ ದಿನವೇ ಗೊತ್ತು. ಹುಡುಗಿ ಅದಕ್ಕೆ ತಕ್ಕ ತಯಾರಿ ಮಾಡಿಕೊಂಡು ಕೂರಬಹುದು.

ಇನ್ನೊಂದು ಮಾತೂ ಇದೆ. 2024ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಟೂರ್ನಿ ಆಡಿ ಬಂದ ದಿವ್ಯಾ, ನೋಡುಗರು ಆಟ ಬಿಟ್ಟು ತನ್ನ ಬಟ್ಟೆ, ಕೂದಲು, ಮಾತಿನ ಧಾಟಿ ಗಮನಿಸುತ್ತಿದ್ದರು ಅಂತ ಬಹಿರಂಗವಾಗಿ ಬರೆದುಕೊಂಡರು. ಆಗ ಅವರಿಗೆ 18 ವರ್ಷ. ಅಷ್ಟು ಎತ್ತರಕ್ಕೆ ಹೋದವರಿಗೇ ಹೀಗಾದರೆ ನಮ್ಮ ತಾಲ್ಲೂಕಿನ ಹುಡುಗಿಯರ ಪಾಡೇನು?

ನಮ್ಮ ಸುತ್ತ ನೋಡಿ. ತಮಿಳುನಾಡು 2022ರಲ್ಲಿ ನಾಲ್ಕೇ ತಿಂಗಳ ತಯಾರಿಯಲ್ಲಿ ಮಾಮಲ್ಲಪುರದಲ್ಲಿ ಚೆಸ್ ಒಲಿಂಪಿಯಾಡ್, ಅಂದರೆ ದೇಶ ದೇಶಗಳ ತಂಡಗಳು ಆಡುವ ಟೂರ್ನಿ, ನಡೆಸಿತು. ತುಂಬು ಗರ್ಭಿಣಿ ಹಾರಿಕಾ ಆಡಿ, ನಮ್ಮ ಮಹಿಳಾ ತಂಡ ಕಂಚು ಗೆದ್ದದ್ದು ಅಲ್ಲೇ. ಎರಡು ವರ್ಷ ಬಿಟ್ಟು ಬುಡಾಪೆಸ್ಟ್‌ನಲ್ಲಿ ಚಿನ್ನವೇ ಬಂತು. ಮಹಾರಾಷ್ಟ್ರದ ಪುಣೆಯಲ್ಲಿ 2025ರ ಏಪ್ರಿಲ್‌ನಲ್ಲಿ ಮಹಿಳಾ ಗ್ರ್ಯಾಂಡ್ ಪ್ರಿ ನಡೆಯಿತು, ಹಂಪಿ ಗೆದ್ದರು. ದಿವ್ಯಾಗೆ ಆ ರಾಜ್ಯ ಸರ್ಕಾರ 3 ಕೋಟಿ ರೂಪಾಯಿ ಕೊಟ್ಟಿತು. ಅದೇ ವರ್ಷದ ಕೊನೆಗೆ ಗೋವಾದಲ್ಲಿ ಓಪನ್ ವಿಶ್ವಕಪ್ ಆಯಿತು. ಅಂದ ಹಾಗೆ, ಬಟುಮಿಯಲ್ಲಿ ಮೊದಲ ಬಹುಮಾನ 50,000 ಡಾಲರ್ ಇದ್ದರೆ ಗೋವಾದಲ್ಲಿ 1,20,000 ಡಾಲರ್. ಇದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿರುವುದನ್ನಷ್ಟೇ ನಾನು ಕೇಳುತ್ತಿದ್ದೇನೆ.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಗ್ರ್ಯಾಂಡ್‌ಮಾಸ್ಟರ್ ಓಪನ್ ನಡೆಯಿತು. ದಕ್ಷಿಣ ಕನ್ನಡದ ಈಶಾ ಶರ್ಮಾ ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆದರು. ಮೊದಲನೆಯವರಿಗಾಗಿ ಇಷ್ಟು ವರ್ಷ ಕಾದೆವು. ಎರಡನೆಯವರು, ಮೂರನೆಯವರು ಬೇಗ ಬರಬೇಕು ಅಲ್ವಾ?

ಟೂರ್ನಿ ಬೆಂಗಳೂರಿನಲ್ಲೇ ಆಗಬೇಕು ಅಂತಿಲ್ಲ. ಮೈಸೂರಿಗೆ ಚದುರಂಗದ ನಂಟು ಹಳೆಯದು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಒಗಟುಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿದ್ದರು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಕೂಡ ಮೈಸೂರಿನವರೇ. ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ನಮ್ಮ ಹಾಸನ, ಎಲ್ಲಾದರೂ ಸರಿ. ನಾಲ್ಕೈದು ಆಟಗಾರ್ತಿಯರನ್ನು ಹೊರದೇಶಗಳಿಂದ ಕರೆಸಿ. ಉಳಿದ ಜಾಗದಲ್ಲಿ ಕನಿಷ್ಠ ಮೂರನ್ನು ನಮ್ಮ ರಾಜ್ಯದ ಹುಡುಗಿಯರಿಗೆ ಇಡಿ. ಪರೀಕ್ಷೆಯ ಸಮಯ ಬಿಟ್ಟು ಬೇಸಿಗೆ ರಜೆಯಲ್ಲಿ ಇಟ್ಟುಕೊಳ್ಳಿ. ಆಟಗಾರ್ತಿಯ ಜೊತೆ ಬರುವ ಒಬ್ಬರ ಊಟ, ವಸತಿಯ ಖರ್ಚನ್ನೂ ಸೇರಿಸಿ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಆಟ ಮುಗಿದ ಮೇಲೆ ಬಂದ ಅತಿಥಿಗಳು ಪಕ್ಕದ ಕೋಣೆಯಲ್ಲಿ ಕೂತು ತಮ್ಮ ಆಟವನ್ನೇ ಊರಿನ ಶಾಲೆಯ ಹುಡುಗಿಯರಿಗೆ ಬೋರ್ಡಿನ ಮೇಲೆ ನಡೆಸಿ ತೋರಿಸಲಿ. ಅಂಥ ಒಂದು ಸಂಜೆಗಾಗಿ ನಾವು ರೈಲು ಹತ್ತಿ ಬೇರೆ ರಾಜ್ಯಕ್ಕೆ ಹೋಗುತ್ತೇವೆ.

ಗೆದ್ದು ಬಂದವರಿಗೆ ಸನ್ಮಾನ ಮಾಡುವುದು ಸಂತೋಷದ ವಿಷಯವೇ. ಆದರೆ ದುಡ್ಡು ಬೇಕಾಗುವುದು ಗೆಲ್ಲುವ ಮೊದಲು.

ಮುಂದಿನ ಬಜೆಟ್ ತಯಾರಿ ಶುರುವಾಗುವ ಮೊದಲು ರಾಜ್ಯ ಚೆಸ್ ಸಂಸ್ಥೆಯವರನ್ನೂ ಕೆಲವು ಆಟಗಾರ್ತಿಯರನ್ನೂ ಕರೆದು ಒಂದು ಗಂಟೆ ಮಾತಾಡಿ. ಹಾಲ್, ಬಹುಮಾನ, ವಿಮಾನದ ಟಿಕೆಟ್, ತೀರ್ಪುಗಾರರು, ಎಲ್ಲದರ ಖರ್ಚು ಅವರು ಬರೆದು ಕೊಡುತ್ತಾರೆ. ಹಾಸನದಲ್ಲಿ ನಡೆಸುವುದಾದರೆ ಅತಿಥಿಗಳನ್ನು ಕರೆತರುವುದು, ಊಟೋಪಚಾರ, ಓಡಾಟದ ಕೆಲಸಕ್ಕೆಲ್ಲ ನಾವು ಪೋಷಕರೇ ನಿಲ್ಲುತ್ತೇವೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ,
ಹಾಸನದ ಒಬ್ಬ ಚೆಸ್ ಆಟಗಾರ್ತಿಯ ಅಮ್ಮ