ಬೂಷ್ಟು ಹಿಡಿದ ಕಡಲೆಕಾಯಿ ಗಾಣಕ್ಕೂ ಬೇಡ, ಕೊಟ್ಟಿಗೆಗೂ ಬೇಡ

ಮಾನ್ಯ ಸಂಪಾದಕರೇ,

ಪಾವಗಡ, ಮಧುಗಿರಿ, ಶಿರಾ ಕಡೆ ಕಡಲೆಕಾಯಿ ಕೀಳುವ ಹೊತ್ತಿಗೆ ಹಿಂಗಾರು ಮಳೆ ಹಿಡಿದು ಬಳ್ಳಿ ಹೊಲದಲ್ಲೇ ನೆನೆದರೆ ಬೆಳೆ ನಷ್ಟದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ನೆನೆದ ಕಾಯಿ ಆಮೇಲೆ ಎಲ್ಲಿಗೆ ಹೋಯಿತು ಎಂಬುದು ಸುದ್ದಿಯಾಗುವುದಿಲ್ಲ. ಕಷ್ಟಪಟ್ಟು ಬೆಳೆದದ್ದನ್ನು ಯಾರೂ ತಿಪ್ಪೆಗೆ ಸುರಿಯುವುದಿಲ್ಲ. ಗಟ್ಟಿ ಬೀಜ ಆರಿಸಿ ಮಾರಿದ ಮೇಲೆ ಉಳಿದ ಕಪ್ಪು, ಸುಕ್ಕು, ಚೂರು ಬೀಜ ಅಗ್ಗದ ಬೆಲೆಗೆ ಗಾಣ ಸೇರುತ್ತದೆ. ಅಲ್ಲಿಂದ ಎಣ್ಣೆ ಅಡುಗೆಮನೆಗೆ, ಹಿಂಡಿ ಹಸುವಿನ ಬಾಯಿಗೆ. ಈ ದಾರಿಯನ್ನು ಮುಚ್ಚಲೇಬೇಕು ಎಂದು ಒತ್ತಾಯಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬೀಜದ ಮೇಲೆ ಹಳದಿ ಬೆರೆತ ಹಸಿರು ಪುಡಿಯಂತೆ ಕಾಣುವ ಬೂಷ್ಟು ಸಾಮಾನ್ಯವಾಗಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಉಂಟುಮಾಡುವ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಇದೇ ವಿಷ. ನಮ್ಮಲ್ಲೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಅಷ್ಟು ಪ್ರಮಾಣದ ವಿಷ ಒಮ್ಮೆಲೇ ಹೊಟ್ಟೆ ಸೇರುವುದು ಅಪರೂಪ. ನಮ್ಮ ಚಿಂತೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುವುದರ ಬಗ್ಗೆ. ಪಿತ್ತಜನಕಾಂಗ ಈ ವಿಷವನ್ನು ಕರಗಿಸಲು ಹೋಗಿ ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತದೆ. ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಹುಟ್ಟಿದ ಕೂಡಲೇ ಮತ್ತು 6, 10, 14ನೇ ವಾರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಲಸಿಕೆಯನ್ನು ಕಡಲೆಕಾಯಿ ಸೀಮೆಯ ತಾಯಂದಿರು ತಪ್ಪಿಸಬಾರದು ಎನ್ನುವುದು ಇದಕ್ಕೇ.

ಹುರಿದರೆ ಎಲ್ಲಾ ಹೋಗುತ್ತದೆ ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಹುರಿದಾಗ ಶಿಲೀಂಧ್ರ ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಬಾಣಲೆಯಲ್ಲಿ ಬೀಜ ಅಷ್ಟು ಕಾದರೆ ಇದ್ದಿಲಾಗುತ್ತದೆ. ಮನೆಯಲ್ಲಿ ಹುರಿದಾಗ ಒಂದು ಪಾಲು ಕಡಿಮೆಯಾಗಬಹುದು, ಅಷ್ಟೇ. ವಿಷಕ್ಕೆ ವಾಸನೆ ಇಲ್ಲ, ರುಚಿಯೂ ಇಲ್ಲ. ಕಹಿ ಬೀಜ ಬಾಯಿಗೆ ಸಿಕ್ಕರೆ ಅದು ಕೆಟ್ಟಿದೆ ಎಂದು ತಿಳಿದು ಉಗುಳಬಹುದು, ಆದರೆ ಕಹಿ ಇಲ್ಲದ ಬೀಜದಲ್ಲಿ ವಿಷ ಇಲ್ಲ ಎನ್ನುವಂತಿಲ್ಲ.

ಇನ್ನೊಂದು ತೊಡಕು, ಇದು ರಾಶಿಯ ತುಂಬ ಸಮನಾಗಿ ಹರಡಿರುವುದಿಲ್ಲ. ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕೆ.ಜಿ.ಗೆ 15 ಮೈಕ್ರೋಗ್ರಾಂ (ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ). ತೀರಾ ಕೆಟ್ಟ ಒಂದೇ ಬೀಜದಲ್ಲಿ ಕೆ.ಜಿ. ಲೆಕ್ಕಕ್ಕೆ ಹತ್ತು ಲಕ್ಷ ಮೈಕ್ರೋಗ್ರಾಂವರೆಗೂ ಸಿಕ್ಕಿದ್ದುಂಟು. ಟಿಎಂವಿ-2 ತಳಿಯ ಬೀಜದ ತೂಕ ಸುಮಾರು 0.35 ಗ್ರಾಂ. ಅಂದರೆ ಆ ಒಂದು ಬೀಜದಲ್ಲಿ 350 ಮೈಕ್ರೋಗ್ರಾಂ. ಅದನ್ನು 10 ಕೆ.ಜಿ. ಒಳ್ಳೆಯ ಬೀಜಕ್ಕೆ ಸೇರಿಸಿ ಅರೆದರೆ ಇಡೀ ಹಿಟ್ಟಿನಲ್ಲಿ ವಿಷ ಕೆ.ಜಿ.ಗೆ 35 ಮೈಕ್ರೋಗ್ರಾಂಗೆ ಏರುತ್ತದೆ, ಮಿತಿಯ ಎರಡು ಪಟ್ಟಿಗೂ ಹೆಚ್ಚು. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಏನೂ ಸಿಗದೇ ಹೋಗುವುದೂ, ಕೈಯಿಂದ ಆರಿಸಿದರೆ ಅಪಾಯದ ಬಹುಪಾಲು ಕಳೆಯುವುದೂ ಈ ಲೆಕ್ಕದಿಂದಲೇ.

ಬೂಷ್ಟು ಹಿಡಿಯುವುದು ಮೂಟೆಯಲ್ಲಿ ಎಂದುಕೊಂಡವರೇ ಹೆಚ್ಚು. ಶಿಲೀಂಧ್ರ ಇರುವುದು ಮಣ್ಣಿನಲ್ಲಿ, ಕಾಯಿ ಬಲಿಯುವುದೂ ಅಲ್ಲೇ. ಹಸಿ ಬೀಜಕ್ಕೆ ಶಿಲೀಂಧ್ರವನ್ನು ತಡೆಯುವ ರಸ ತಯಾರಿಸುವ ಶಕ್ತಿ ಇರುತ್ತದೆ. ಕೊನೆಯ ಮೂರ್ನಾಲ್ಕು ವಾರ ಮಳೆ ಕೈಕೊಟ್ಟು ಮಣ್ಣು ಕಾದರೆ ಬೀಜದ ನೀರು ಬತ್ತಿ ಆ ಶಕ್ತಿ ಹೋಗುತ್ತದೆ. ಗೆದ್ದಲು ಕೊರೆದ, ಗುದ್ದಲಿ ಏಟು ಬಿದ್ದ ಕಾಯಿಗಂತೂ ಬಾಗಿಲು ತೆರೆದಂತೆಯೇ. ಕೊಳವೆಬಾವಿ ಇರುವವರು ಆ ಹೊತ್ತಿನಲ್ಲಿ ಒಂದು ನೀರು ಕೊಟ್ಟರೂ ಬಹಳ ವ್ಯತ್ಯಾಸವಾಗುತ್ತದೆ. ಹೂವಾಡುವಾಗ ಎಕರೆಗೆ 200 ಕೆ.ಜಿ. ಜಿಪ್ಸಂ ಬುಡಕ್ಕೆ ಹಾಕಿದರೆ ಸಿಪ್ಪೆ ಗಟ್ಟಿಯಾಗುತ್ತದೆ. ಕಾಯಿ ಮಾಗಿದ ಮೇಲೆ ಕೀಳುವುದನ್ನು ಮುಂದೂಡಬಾರದು.

ಕಿತ್ತ ನಂತರದ ಒಂದು ವಾರ ಎಲ್ಲಕ್ಕಿಂತ ಮುಖ್ಯ. ಕಿತ್ತಾಗ ಕಾಯಿಯಲ್ಲಿ ಶೇ 40ರ ಆಸುಪಾಸಿನ ತೇವ ಇರುತ್ತದೆ. ಅದು ಶೇ 8ಕ್ಕೆ ಇಳಿಯುವವರೆಗೆ ಶಿಲೀಂಧ್ರಕ್ಕೆ ಹಬ್ಬ. ಬಳ್ಳಿಯನ್ನು ಕಿತ್ತ ದಿನವೇ ಗುಡ್ಡೆ ಹಾಕಿದರೆ ಒಳಗೆ ಕೈಯಿಟ್ಟಾಗ ಬೆಚ್ಚಗೆ ತಾಗುತ್ತದೆ. ಆ ಬಿಸಿಯೂ ತೇವವೂ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಬಳ್ಳಿಯನ್ನು ತಲೆಕೆಳಗು ಮಾಡಿ, ಸೊಪ್ಪು ನೆಲಕ್ಕೆ, ಕಾಯಿ ಆಕಾಶಕ್ಕೆ ಇರುವಂತೆ ಸಾಲಾಗಿ ಎರಡು ಮೂರು ದಿನ ಬಿಡಬೇಕು. ಕಾಯಿ ಬಿಡಿಸಿದ ಮೇಲೆ ಬರೀ ನೆಲದ ಮೇಲಲ್ಲ, ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮುನ್ನ ಗುಡ್ಡೆ ಮಾಡಿ ಮುಚ್ಚಬೇಕು. ಒಣಗಿದೆಯೇ ಎಂದು ನೋಡಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಬೀಜ ಗಲಗಲ ಎನ್ನಬೇಕು. ಬೀಜವನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಸಿಪ್ಪೆ ಬಿಡಬೇಕು, ಒತ್ತಿದರೆ ಟಕ್ಕನೆ ಎರಡು ಬೇಳೆಯಾಗಬೇಕು. ಬಾಗಿದರೆ ಇನ್ನೂ ತೇವ ಇದೆ.

ಇಷ್ಟೆಲ್ಲ ಕಷ್ಟಪಟ್ಟು ಒಣಗಿಸಿದ ಕಾಯಿಗೆ ಬೀಜ ಬಿಡಿಸುವ ಮುನ್ನ ನೀರು ಚಿಮುಕಿಸುವ ಪದ್ಧತಿ ನಮ್ಮ ಭಾಗದಲ್ಲಿದೆ. ಸಿಪ್ಪೆ ಮೆತ್ತಗಾಗಿ ಬೀಜ ಒಡೆಯುವುದಿಲ್ಲ ಎಂಬುದು ಕಾರಣ, ತೂಕ ಏರುತ್ತದೆ ಎಂಬುದು ಹೇಳದ ಕಾರಣ. ಹಾಗೆ ನೆನೆಸಿದ ಬೀಜವನ್ನು ಮತ್ತೆ ಒಣಗಿಸದೆ ಚೀಲಕ್ಕೆ ತುಂಬಿದರೆ ಕೆಲವೇ ದಿನಗಳಲ್ಲಿ ಬೂಷ್ಟು ಏಳುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಇದು.

ಗಾಣದ ಎಣ್ಣೆಗೆ ಈಗ ಒಳ್ಳೆಯ ಹೆಸರು ಬಂದಿದೆ, ಬರಲಿ. ಆದರೆ ಕಾರ್ಖಾನೆಯಲ್ಲಿ ಎಣ್ಣೆಯನ್ನು ಶುದ್ಧೀಕರಿಸುವಾಗ ಕ್ಷಾರ ಮತ್ತು ಜೇಡಿಮಣ್ಣು ಅಫ್ಲಾಟಾಕ್ಸಿನ್ನನ್ನು ತೆಗೆದುಹಾಕುತ್ತವೆ. ಗಾಣದಲ್ಲಿ ಆ ಹಂತವೇ ಇಲ್ಲ. ಹಾಗಾಗಿ ಗಾಣಕ್ಕೆ ಹಾಕುವ ಬೀಜ ತಿನ್ನುವ ಬೀಜದಷ್ಟೇ ಶುದ್ಧವಾಗಿರಬೇಕು. ವಿಷ ಹೆಚ್ಚಾಗಿ ಹಿಂಡಿಯ ಕಣಗಳಿಗೆ ಅಂಟಿರುವುದರಿಂದ ಎಣ್ಣೆಯನ್ನು ತಿಳಿಯಾಗಲು ಬಿಟ್ಟು ಒತ್ತಾದ ಬಟ್ಟೆಯಲ್ಲಿ ಸೋಸಬೇಕು. ಗಾಣದಿಂದ ಬಂದ ಎಣ್ಣೆಯನ್ನು ಬಿಸಿಲಿಗಿಡುವ ಹಿರಿಯರ ರೂಢಿಯಲ್ಲೂ ಹುರುಳಿದೆ: ಎಣ್ಣೆಯಲ್ಲಿರುವ ಅಫ್ಲಾಟಾಕ್ಸಿನ್ ಬಿಸಿಲಿಗೆ ಒಡೆಯುತ್ತದೆ ಎಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದ್ದಾರೆ. ಅದನ್ನೇ ನೆಪ ಮಾಡಿಕೊಂಡು ಕೆಟ್ಟ ಬೀಜ ಆಡಿಸುವುದು ಸಲ್ಲ.

ಹಿಂಡಿಯ ವಿಷಯಕ್ಕೆ ಬರೋಣ. ನೂರು ಕೆ.ಜಿ. ಬೀಜ ಆಡಿಸಿದರೆ ಅದರಲ್ಲಿದ್ದ ವಿಷದ ಬಹುಪಾಲು ಸುಮಾರು 60 ಕೆ.ಜಿ. ಹಿಂಡಿಯಲ್ಲಿ ಸೇರಿಕೊಳ್ಳುತ್ತದೆ, ಅಂದರೆ ಕೆ.ಜಿ. ಲೆಕ್ಕದಲ್ಲಿ ಬೀಜಕ್ಕಿಂತ ಹಿಂಡಿಯಲ್ಲಿ ವಿಷ ಹೆಚ್ಚು. ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟಿರುವ ಮಿತಿ ಕೆ.ಜಿ.ಗೆ 20 ಮೈಕ್ರೋಗ್ರಾಂ. ಕೆ.ಜಿ.ಗೆ 200 ಇರುವ ಹಿಂಡಿಯನ್ನು ಒಂದು ಹಸು ದಿನಕ್ಕೆ ಎರಡು ಕೆ.ಜಿ. ತಿಂದರೆ 400 ಮೈಕ್ರೋಗ್ರಾಂ ಒಳಗೆ ಹೋಯಿತು. ಅದರಲ್ಲಿ ಶೇ 1ರಿಂದ 3ರಷ್ಟು ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಶೇ 2 ಎಂದಿಟ್ಟುಕೊಂಡರೆ 8 ಮೈಕ್ರೋಗ್ರಾಂ. ಹತ್ತು ಲೀಟರ್ ಕರೆಯುವ ಹಸುವಾದರೆ ಲೀಟರಿಗೆ 0.8. ಹಾಲಿಗಿರುವ ಮಿತಿ 0.5. ಕಾಯಿಸಿದರೂ, ಹೆಪ್ಪು ಹಾಕಿದರೂ ಅದು ಹೋಗುವುದಿಲ್ಲ. ಸಮಾಧಾನದ ಸಂಗತಿ ಒಂದೇ: ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರ್ನಾಲ್ಕು ದಿನದಲ್ಲಿ ಹಾಲು ಬಹುತೇಕ ಸ್ವಚ್ಛವಾಗುತ್ತದೆ. ಹಸು ಮೇವು ಬಿಡುವುದು, ಹಾಲು ಇಳಿಯುವುದು, ಕರು ಬೆಳೆಯದೇ ಇರುವುದು ಕಂಡರೆ ಔಷಧಿಗೆ ಮುಂಚೆ ಹಿಂಡಿಯ ಚೀಲ ಬಿಚ್ಚಿ ನೋಡಬೇಕು. ಹಿಂಡಿಯನ್ನು ರಾತ್ರಿಯೇ ನೆನೆಹಾಕಿ ಬೆಳಗ್ಗೆ ಇಡುವ ಮನೆಗಳಲ್ಲಿ ಬಾನಿಯ ಅಂಚಿಗೆ ಮೆತ್ತಿಕೊಂಡ ಹಳೆಯ ಹಿಂಡಿ ಹಸಿರಾಗಿರುತ್ತದೆ. ಬಾನಿಯನ್ನು ದಿನವೂ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ನೆನೆಹಾಕಿದ ಮಾತ್ರಕ್ಕೆ ವಿಷ ನೀರಿನಲ್ಲಿ ತೊಳೆದುಹೋಗುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪ. ಬೀಜವನ್ನು ಮೊರದಲ್ಲಿ ಹರಡಿ ಬಣ್ಣಗೆಟ್ಟ, ಸುಕ್ಕಾದ, ತೂತು ಬಿದ್ದ, ಮೊಳಕೆ ಒಡೆದ ಬೀಜ ತೆಗೆಯಿರಿ. ಹುರಿದು ಸಿಪ್ಪೆ ಉಜ್ಜಿದ ಮೇಲೆ ಮತ್ತೊಮ್ಮೆ ನೋಡಿ, ಸಿಪ್ಪೆ ಬಿಡದೆ ಕಪ್ಪಗೆ ಉಳಿದವನ್ನು ಆರಿಸಿ. ಚಟ್ನಿಪುಡಿಗೆ, ಚಿಕ್ಕಿಗೆ ಪುಡಿ ಕೊಳ್ಳುವ ಬದಲು ಇಡೀ ಬೀಜ ತಂದು ಮನೆಯಲ್ಲೇ ಕುಟ್ಟಿಕೊಳ್ಳಿ. ಆರಿಸಿ ತೆಗೆದದ್ದನ್ನು ಕೋಳಿಗೂ ಹಾಕಬೇಡಿ, ಕೋಳಿಗೆ ಇದು ಹಸುವಿಗಿಂತ ಬೇಗ ತಾಗುತ್ತದೆ.

ಯುರೋಪಿನಲ್ಲಿ ನೇರವಾಗಿ ತಿನ್ನುವ ಕಡಲೆಬೀಜಕ್ಕೆ ಮಿತಿ 4 ಮೈಕ್ರೋಗ್ರಾಂ, ಹಾಗಾಗಿ ರಫ್ತಿನ ಸರಕು ಪ್ರಯೋಗಾಲಯ ದಾಟಿಯೇ ಹಡಗು ಹತ್ತುತ್ತದೆ. ಇಲ್ಲಿಯವರು ತಿನ್ನುವ ಬೀಜಕ್ಕೂ ಆ ಕಾಳಜಿ ಸಿಗಬೇಕು. ಎಪಿಎಂಸಿ ಪ್ರಾಂಗಣಗಳಲ್ಲಿ ತೇವಮಾಪಕ ಇಟ್ಟು, ಶೇ 8ರೊಳಗಿನ ಕಾಯಿಗೆ ಹೆಚ್ಚಿನ ಬೆಲೆ ಸಿಗುವಂತೆ ಮಾಡಲಿ. ಒಣಗಿಸಿದವನಿಗೆ ತೂಕದಲ್ಲಿ ಆಗುವ ನಷ್ಟ ಹಾಗೆ ಮಾತ್ರ ತುಂಬೀತು. ರೈತ ಸಂಪರ್ಕ ಕೇಂದ್ರಗಳಲ್ಲಿ ಟಾರ್ಪಾಲು ಕಾಯಿ ಕೀಳುವ ಮುಂಚೆಯೇ ಸಿಗಲಿ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಕಾಯಿಯನ್ನು ಬೇರೆಯಾಗಿ ತೂಗಿ, ಸೋಪಿನ ಎಣ್ಣೆಗೆಂದೇ ಕೊಂಡುಕೊಳ್ಳುವ ವ್ಯವಸ್ಥೆ ಆಗಲಿ. ಏನೂ ಕೊಡದೆ ಹೂತುಹಾಕಿ ಎಂದರೆ ಸಾಲ ಮಾಡಿ ಬಿತ್ತಿದ ರೈತ ಕೇಳುವುದು ಕಷ್ಟ. ಹಾಲು ಒಕ್ಕೂಟಗಳು ಡೇರಿಗೆ ಬರುವ ಹಾಲಿನ ಜೊತೆಗೆ ಊರಿನಲ್ಲಿ ಮಾರಾಟವಾಗುವ ಹಿಂಡಿಯನ್ನೂ, ವಿಶೇಷವಾಗಿ ನವೆಂಬರ್‌ನಿಂದ ಫೆಬ್ರುವರಿವರೆಗೆ, ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಡೇರಿಯ ಬೋರ್ಡಿನ ಮೇಲೆ ಬರೆಯಲಿ.

ಇಂತಿ,
ನಿವೃತ್ತ ಪಶುವೈದ್ಯ, ಮಧುಗಿರಿ