ಉಪ್ಪುನೀರಿನ ಪ್ರಯೋಗದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ವಾರ ನಿಮ್ಮ ಮಗನೋ ಮಗಳೋ ಮನೆಯಲ್ಲಿ ಉಪ್ಪು, ಅರಿಶಿನ, ಬ್ಯಾಟರಿ ಹುಡುಕುತ್ತಿದ್ದರೆ ಬೈಯಬೇಡಿ. ಆದರೆ ಒಬ್ಬರೇ ಪ್ರಯೋಗ ಮಾಡಲು ಬಿಡಬೇಡಿ. ಅದಕ್ಕೇ ಈ ಪತ್ರ.

10ನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನಡೆದಿದೆ. ಒಂದು ಗ್ಲಾಸ್ ಉಪ್ಪುನೀರಿಗೆ ಚಿಟಿಕೆ ಅರಿಶಿನ ಕದಡಿ, ಎರಡು ಪೆನ್ಸಿಲ್ ಕಡ್ಡಿ ಇಳಿಸಿ, 9 ವೋಲ್ಟ್ ಬ್ಯಾಟರಿಗೆ ಜೋಡಿಸಿದೆವು. ಸ್ವಲ್ಪ ಹೊತ್ತಿಗೆ ಮೈನಸ್ ಕಡ್ಡಿಯ ಸುತ್ತ ಗುಳ್ಳೆ ಎದ್ದು ಹಳದಿ ನೀರು ಕೆಂಪಾಯಿತು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿದಾಗ ಬರುತ್ತದಲ್ವಾ, ಅದೇ ಬಣ್ಣ. ಇನ್ನೊಂದು ಕಡ್ಡಿಯ ಹತ್ತಿರ ನಿಂತಿದ್ದ ಹುಡುಗಿ, "ಟೀಚರ್, ನಳದ ನೀರಿನ ವಾಸನಿ ಬರಾಕತ್ತೈತ್ರಿ!" ಎಂದಳು. ನನಗೆ ಆ ಮಾತು ತುಂಬಾ ಖುಷಿ ಕೊಟ್ಟಿತು.

ಬ್ಯಾಟರಿಯ ಕರೆಂಟು ಉಪ್ಪುನೀರನ್ನು ಒಡೆಯಿತು. ಕೆಂಪು ಮಾಡಿದ್ದು ಅದರಿಂದ ಹುಟ್ಟಿದ ಕಾಸ್ಟಿಕ್ ಸೋಡಾ, ಅಂದರೆ ಚರ್ಮ ಸುಡುವಷ್ಟು ತೀಕ್ಷ್ಣವಾದ ಪ್ರತ್ಯಾಮ್ಲ. ಗುಳ್ಳೆ ಹೈಡ್ರೋಜನ್. ವಾಸನೆ ಕ್ಲೋರಿನ್‌ನದು. ದೊಡ್ಡ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ, ನಮ್ಮ ರಾಜ್ಯದಲ್ಲಿ ಕಾರವಾರದ ಬಿಣಗಾದಲ್ಲಿ ಅಂಥ ಕಾರ್ಖಾನೆ ಇದೆ. 100 ಕೆಜಿ ಉಪ್ಪು ಪೂರ್ತಿ ಒಡೆದರೆ ಸುಮಾರು 68 ಕೆಜಿ ಕಾಸ್ಟಿಕ್, 61 ಕೆಜಿ ಕ್ಲೋರಿನ್ ಬರುತ್ತವೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಎರಡೂ ಸೇರಿ 100 ದಾಟಿದ್ದು ಹೇಗೆ ಎಂದು ಅವರನ್ನೇ ಕೇಳಿ. ನೀರೂ ಒಡೆಯುತ್ತದೆ ಎಂದು ಹೇಳಬೇಕು.

ಮೈ ತೊಳೆಯುವ ಸೋಪು, ಹೊಲದ ಪಿವಿಸಿ ಪೈಪು, ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್, ಎಲ್ಲದರ ಹಿಂದೆಯೂ ಈ ಉಪ್ಪುನೀರಿದೆ. ಮಿರ್ಚಿ ಭಜಿಗೆ ಹಾಕುವ ಅಡುಗೆ ಸೋಡಾ ಕೂಡ ಉಪ್ಪುನೀರಿನಿಂದಲೇ ಬರುತ್ತದೆ, ಆದರೆ ಆ ದಾರಿ ಬೇರೆ.

ಇನ್ನು ನನಗೆ ಚಿಂತೆ ಇರುವ ವಿಷಯ. ನಮ್ಮ ರಬಕವಿ-ಬನಹಟ್ಟಿ ನೇಕಾರರ ಊರು. ನೂಲಿಗೆ ಬಣ್ಣ ಹಾಕುವ ಮನೆಗಳಲ್ಲಿ ಕಾಸ್ಟಿಕ್ ಇರುತ್ತದೆ. ನೋಡಲು ಬಿಳಿ ಚಕ್ಕೆ, ಕಲ್ಲುಸಕ್ಕರೆ ಎಂದು ಸಣ್ಣ ಮಕ್ಕಳು ಬಾಯಿಗೆ ಹಾಕಬಹುದು. ಕರಗಿಸಿದ ಮೇಲಂತೂ ನೀರಿನ ಹಾಗೇ ಕಾಣುತ್ತದೆ. ದಯವಿಟ್ಟು ಕುಡಿಯುವ ನೀರಿನ ಬಾಟಲಿಗೆ ಅದನ್ನು ತುಂಬಬೇಡಿ. ಕರಗಿಸುವಾಗ ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಕುದ್ದು ಸಿಡಿಯುತ್ತದೆ. ಮೈಗೆ, ಕಣ್ಣಿಗೆ ತಾಗಿದರೆ ಕನಿಷ್ಠ 20 ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ನಿಂಬೆಹಣ್ಣು ಹಿಂಡಬೇಡಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಇನ್ನೊಂದು ನನ್ನ ಮನೆಯಲ್ಲೇ ಆದದ್ದು. ಒಂದು ದೀಪಾವಳಿಗೆ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಜಾಸ್ತಿ ಸ್ವಚ್ಛವಾಗಲಿ ಎಂದು ಅದರ ಮೇಲೇ ಆಸಿಡ್ ಸುರಿದೆ. ಭುಸ್ಸೆಂದು ಹೊಗೆ ಎದ್ದಿತು. ಗಂಟಲು ಕಟ್ಟಿತು, ಕಣ್ಣು ಉರಿಯಿತು, ಅಂಗಳಕ್ಕೆ ಓಡಿಬಂದೆ. ಎರಡು ದಿನ ಕೆಮ್ಮು ಬಿಡಲಿಲ್ಲ. ಆಸಿಡ್ ಬಿದ್ದರೆ ಬ್ಲೀಚಿಂಗ್ ಪೌಡರಿನೊಳಗಿನ ಕ್ಲೋರಿನ್ ಹೊರಗೆ ಬರುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಜೀವಕ್ಕೇ ಅಪಾಯ. ಎರಡನ್ನೂ ಒಟ್ಟಿಗೆ ಎಂದೂ ಬಳಸಬೇಡಿ. ಮನೆಗೆಲಸಕ್ಕೆ ಬರುವ ಅಕ್ಕಂದಿರಿಗೂ ಹೇಳಿ.

ಮಕ್ಕಳು ಪ್ರಯೋಗ ತೋರಿಸುತ್ತೇನೆಂದರೆ ಬಯಲಲ್ಲಿ ಕೂತು, ಸಣ್ಣ ಬ್ಯಾಟರಿಯಲ್ಲಿ, ಎರಡು ನಿಮಿಷ ಮಾತ್ರ ಮಾಡಿಸಿ. ಗೋಡೆಯ ಪ್ಲಗ್ಗಿಗೆ ವೈರು ಚುಚ್ಚಲು ಖಂಡಿತ ಬಿಡಬೇಡಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ಮತ್ತೊಮ್ಮೆ ಮಾಡುತ್ತೇವೆ. ಮಗ್ಗ ಒಂದು ತಾಸು ನಿಲ್ಲಿಸಿ ಬನ್ನಿ. ಬಣ್ಣ ಹಾಕುವ ಕೆಲಸ ಗೊತ್ತಿರುವ ಅಣ್ಣಂದಿರು ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಿದರೆ ಇನ್ನೂ ಸಂತೋಷ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ